ಹದಿನೇಳನೇ ಕಂತು

ಬ್ರಹ್ಮಪುರದಿಂದ ಆಳಂದ ರಸ್ತೆಯ ಈ ಓಣಿಗೆ
ಮೌಲಾಲಿಯ ಟಂಟಂ ನಾಲ್ಕು ಸಲ ಬಂದು ಹೋಯಿತು.
ಮೊದಲಿಗೆ ನನ್ನ ಹೊಲಿಗೆ ಮಷಿನ್.
ಆಮೇಲೆ ಗಾದಿ, ಗಾದಿಯ ಮೇಲೆ ನೀಲು.
ಮೂರನೆಯದಕ್ಕೆ ಕೂಲರ್,
ಅದರ ಹೊಟ್ಟೆಯೊಳಗೆ ಖಡಕ್ ರೊಟ್ಟಿ, ಹಿಂಡಿ ಡಬ್ಬಿ, ಕೈಗೆ ಸಿಕ್ಕಿದ್ದೆಲ್ಲ.
ಜಾಗ ದಂಡ ಆಗಬಾರದಲ್ಲ.
ಕೊನೆಗೆ ನಾನು, ಮಡಿಲಲ್ಲಿ ಉಪ್ಪಿನಕಾಯಿ ಭರಣಿ,
ಹಸುಗೂಸಿನ ಹಾಗೆ.

ಮೇ ತಿಂಗಳು. ಫರಸಿ ನೆಲ ರಾತ್ರಿ ಎಂಟಕ್ಕೂ ಹಂಚಿನಂತೆ ಕಾದಿತ್ತು.
ಹಿಂದಿನವರು ಗೋಡೆಗೆ ಹೊಡೆದ ಮೊಳೆಗಳೆಲ್ಲ ಎತ್ತರದಲ್ಲಿ,
ಉದ್ದನೆಯ ಮಂದಿ ಇದ್ದಿರಬೇಕು.
ನಮ್ಮ ಕ್ಯಾಲೆಂಡರ್ ಅಲ್ಲಿ ನೇತುಬಿದ್ದು
ತಾರೀಖು ಕಾಣಿಸದಾಯಿತು.

ಡಿಶ್‌ನವನು "ಸೋಮವಾರ ಬರ್ತೀನ್ರೀ ಅಕ್ಕೋರೆ" ಅಂದ.
ಯಾವ ಸೋಮವಾರ ಅಂತ ಹೇಳಲಿಲ್ಲ.
ಸಿಲಿಂಡರ್ ಇತ್ತು. ರೆಗ್ಯುಲೇಟರ್ ಯಾವ ಚೀಲದಲ್ಲೋ.
ಹಾಗಾಗಿ ರೊಟ್ಟಿ ಮುರಿದೆವು, ಶೇಂಗಾ ಹಿಂಡಿ, ಮೊಸರು,
ಗುದ್ದಿ ಒಡೆದ ಉಳ್ಳಾಗಡ್ಡಿ.
ಇವರು ಮಾಳಿಗೆಯ ಮೇಲೆ ಚರಿಗೆಗೆ ಫೋನು ಆನಿಸಿಟ್ಟು
ಕ್ರಿಕೆಟ್ಟು ನೋಡಿದರು.
ಬೌಲರ್ ಓಡಿ ಬರುತ್ತಾನೆ, ನಡುವೆ ನಿಂತುಬಿಡುತ್ತಾನೆ,
ಅವನ ಎದೆಯ ಮೇಲೆ ದುಂಡಗೆ ಒಂದು ಬಳೆ ತಿರುಗುತ್ತದೆ.
ಅಷ್ಟರಲ್ಲಿ ಪಕ್ಕದ ಮಾಳಿಗೆಯವರು
"ಔಟ್!" ಅಂತ ಕೂಗಿಬಿಟ್ಟಿರುತ್ತಾರೆ.

ನಾನು, ನೀಲು ಕೆಳಗೆ ಕಂದೀಲು ಬೆಳಕಿನಲ್ಲಿ
ಪಾತ್ರೆಗೆ ಸುತ್ತಿದ ಪೇಪರು ಬಿಚ್ಚಿದೆವು.
ಹಿತ್ತಾಳೆ ತಂಬಿಗೆಗೆ ಹೋದ ವರ್ಷದ ತೊಗರಿ ಧಾರಣೆ,
ಗ್ಲಾಸುಗಳಿಗೆ ವಧೂವರರು,
ಕಪ್ಪು-ಬಸಿಗೆ ವಾರಪತ್ರಿಕೆಯ ಧಾರಾವಾಹಿ:
ವತ್ಸಲಾ ವಾಡಿ ಜಂಕ್ಷನ್ನಿನಲ್ಲಿ ಇಳಿಯುತ್ತಾಳೆ,
ಕೈಯಲ್ಲಿ ತನ್ನದಲ್ಲದ ಟ್ರಂಕು.
ಮುಂದುವರಿಯುವುದು.

"ಮುಂದ?" ಅಂದಳು ನೀಲು.
ಇಡೀ ಮೂರು ಚೀಲ ಬಿಚ್ಚಿಹಾಕಿದಳು,
ನಾನು ಒಂದು ವಾರ ಕೂತು ಕಟ್ಟಿದ್ದು.
ಹದಿನೇಳನೇ ಕಂತು ಭರಣಿಗೆ ಸುತ್ತಿತ್ತು.
ಎಣ್ಣೆ ಕುಡಿದು ನಡುವಿನ ಸಾಲುಗಳು ಕರಗಿ
ಕಥೆ ಪಕ್ಕದ ಜಾಹೀರಾತಿನೊಳಗೆ ಹರಿದಿತ್ತು:
ವತ್ಸಲಾ ನಡುಗುವ ಕೈಯಿಂದ ಟ್ರಂಕು ತೆರೆದಳು,
ಒಳಗೆ ಅಪ್ಪಟ ಇಳಕಲ್ ಸೀರೆ,
ಸುಲಭ ಕಂತಿನಲ್ಲಿ ಕೊಡಲಾಗುವುದು.

ನಕ್ಕೂ ನಕ್ಕೂ ನೀಲುಗೆ ಬಿಕ್ಕಳಿಕೆ.
ಹದಿನೆಂಟು? ಆಗ ನೆನಪಾಯಿತು,
ಹಳೇ ಮನೆಯ ಅಡಿಗೆ ಖೋಲಿಯಲ್ಲಿ, ಕಪಾಟಿಗೆ ಹಾಸಿ ಬಿಟ್ಟುಬಂದಿದ್ದೇನೆ.

ಮಹಬೂಬಿ ಆಪಾಗೆ ಫೋನು ಹಚ್ಚಿದೆ.
ರಾತ್ರಿ ಒಂಬತ್ತೂವರೆ. "ಯಾ ಅಲ್ಲಾ, ಏನಾತವ್ವಾ" ಅಂದಳು.
ಕಾರಣ ಹೇಳಿದ ಮೇಲೆ ಬೈದಳು.
ಬೈಯುತ್ತಲೇ ಬೀಗದ ಕೈ ಹುಡುಕಿದಳು.
ಅವಳಿಗೆ ಕನ್ನಡ ಓದಲು ಬಾರದು,
ಮೊಮ್ಮಗ ನದೀಮ ಬ್ಯಾಟರಿ ಹಿಡಿದು ಓದಿದ,
ಆರನೇ ಇಯತ್ತೆಯ ದನಿ, ಅಕ್ಷರಕ್ಕೊಂದು ಎಡವು.

ಏನು ಓದಿದನೋ, ನಾನು ಕೇಳಿದ್ದು ಆ ಖೋಲಿಯನ್ನು.
ಹನ್ನೊಂದು ವರ್ಷ ಎಷ್ಟು ಕೂಗಿದರೂ
ಆ ಮನೆ ತಿರುಗಿ ಮಾತಾಡಿರಲಿಲ್ಲ.
ಈಗ ನದೀಮನ ಒಂದೊಂದು ಮಾತನ್ನೂ
ಎರಡೆರಡು ಸಲ ಹೇಳುತ್ತಿತ್ತು.

"ಟ್ರಂಕಿನ್ಯಾಗ ಸಣ್ಣ ಹುಡುಗರ ಬೂಟು, ಒಂದೇ ಕಾಲಿಂದು.
ಅದರಾಗ ಒಂದು ಚೀಟಿ. ಚೀಟ್ಯಾಗ...
ಇಲ್ಲಿ ದುಂಡಕ ಜಂಗು ಹಿಡದದ ಆಂಟಿ, ಅಕ್ಷರನೇ ಇಲ್ಲ."
ಸಕ್ಕರಿ ಡಬ್ಬಿ ಇಡುತ್ತಿದ್ದ ಜಾಗ.
ಡಬ್ಬಿ ಇಲ್ಲೇ, ನನ್ನ ಮೊಳಕಾಲ ಹತ್ತಿರ ಕೂತಿತ್ತು.
ನೀಲು ಅದನ್ನು ಎತ್ತಿ ತಳ ನೋಡಿದಳು.

ಮರುದಿನ ಮಧ್ಯಾಹ್ನ ಮೌಲಾಲಿಯ ಕೈಯಲ್ಲಿ ತಹರಿ ಬಂತು,
ಬಿಸಿ ಆರದ ಹಾಗೆ ಉರ್ದು ಪೇಪರಿನಲ್ಲಿ ಸುತ್ತಿದ್ದು.
ಯಾರಿಗೂ ಓದಲು ಬಾರದ ಆ ಹಾಳೆಯನ್ನು
ನೀಲು ಮಡಿಸಿ, ಇಲ್ಲಿನ ಕಪಾಟಿಗೆ ಹಾಸಿದಳು.

ಸಂಜೆ ಕರೆಂಟು ಬಂತು. ಕೂಲರ್ ಹಚ್ಚಿದರು.
ಹುಲ್ಲಿನ ವಾಸನೆ, ಹಿಂಡಿಯ ಘಾಟು,
ಮೂವರೂ ಒಟ್ಟಿಗೆ ಸೀನಿದೆವು.
ತಳದಲ್ಲಿ ಏನೋ ಖಣಖಣ.
ಕೈ ಹಾಕಿ ತೆಗೆದರು:
ರೆಗ್ಯುಲೇಟರ್.
"ಚಾ ಇಡಲೇನು?" ಅಂದೆ.