ಎಮ್ಮೆಯ ಹಲ್ಲು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು, ಸರಿ.
ಇದು ಹದಿನಾರು ಲಕ್ಷ.
ಅದಕ್ಕೇ ಹಲ್ಲಿನ ಡಾಕ್ಟರು ವಾರಿಜಮ್ಮ
ಪರ್ಸಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದು
ಚಕ್ರದ ಹಿಂದಿನ ಕತ್ತಲೆಗೆ ತೂರಿಸಿದರು.

ಆಟೋ ಕಾಂಪ್ಲೆಕ್ಸಿನಲ್ಲಿ ನನ್ನದು ಹುಡ್ ಹೊಲಿಯುವ ಅಂಗಡಿ.
ಮೂವತ್ತು ವರ್ಷದಿಂದ ಶಿವಮೊಗ್ಗದ ಆಟೋಗಳಿಗೆ ಟೋಪಿ ಹೊಲಿದಿದ್ದೇನೆ,
ಯಾರಿಗೂ ಟೋಪಿ ಹಾಕಿಲ್ಲ.
ಕೆಂಪು, ಎರಡೇ ಸೀಟು, ಚಾವಣಿ ಮಡಚಿಕೊಳ್ಳುವ ಇಂಥದ್ದು
ನನ್ನ ಬಾಗಿಲಿಗೆ ಬಂದದ್ದು ಇದೇ ಮೊದಲು.
ದೆಹಲಿ ನಂಬರು. ಒಂಬತ್ತು ವರ್ಷ.
ಓಡಿದ್ದು ಇಪ್ಪತ್ತೆರಡೇ ಸಾವಿರ ಅನ್ನುತ್ತದೆ ಮೀಟರು.
ಬ್ರೇಕ್ ಪೆಡಲಿನ ರಬ್ಬರು ಹಾಗನ್ನುವುದಿಲ್ಲ,
ಅಂಗಾಲಿನ ಹಾಗೆ ನುಣ್ಣಗಾಗಿದೆ.

ಸಿರಾಜ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟ,
ಮಗುವಿನ ಜ್ವರ ನೋಡುವವನಂತೆ.
"ಬಿಸಿ ಇದೆಯಲ್ಲ ಮೌಳಿಯಣ್ಣ, ನಾವು ಬರೋ ಮೊದಲೇ ಸ್ಟಾರ್ಟ್ ಮಾಡಿದ್ರಾ?"
ತಣ್ಣಗೆ ಮಲಗಿದ್ದು ಏಳುವಾಗ ಹೇಗೆ ಕೆಮ್ಮುತ್ತದೆ
ಅದನ್ನೇ ಕೇಳಬೇಕಿತ್ತು ಅವನಿಗೆ.
ಜಲ್ಲಿ ಕ್ರಷರಿನ ಚಂದ್ರಮೌಳಿ ಆಕಾಶ ನೋಡಿದರು.

ನನ್ನ ಪಾಲಿಗೆ ಬಟ್ಟೆ.
ಬಟ್ಟೆ ಸಾಯುವುದು ಮಡಿಚಿದಲ್ಲೇ,
ರೇಷ್ಮೆ ಸೀರೆಯೂ ಅಷ್ಟೇ, ನೋಟೂ ಅಷ್ಟೇ.
ಒಳಗೆ ಕೂತು ಮಡಿಕೆಗೆ ಕಣ್ಣಿಟ್ಟೆ:
ಹಗಲಲ್ಲೇ ಮೂರು ನಕ್ಷತ್ರ.
ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ,
ಹಳೇ ತೂತು ಒಂದು ಸಾಲು, ಹೊಸ ದಾರ ಇನ್ನೊಂದು ಸಾಲು.
ಕಾರ್ಪೆಟ್ಟು ಎತ್ತಿ ಮೂಸಿದೆ.
ನೆಂದು ಒಣಗಿದ ಬಟ್ಟೆಗೆ ಎಷ್ಟು ಸೆಂಟು ಹಾಕಿದರೂ
ಅದು ತನ್ನ ಕಥೆ ಹೇಳಿಯೇ ಹೇಳುತ್ತದೆ.
ನೀರು ಇಳಿದುಹೋಗಬೇಕಾದ ಕಿರುಬೆರಳಿನಷ್ಟು ತೂತಿನಲ್ಲಿ
ಯಾವ ಬೀದಿಯದೋ ಬೇವಿನೆಲೆ, ಕೊಳೆತು ಕಪ್ಪಾಗಿ.

ವಾರಿಜಮ್ಮ ಕನ್ನಡಿಯಲ್ಲಿ ಏನನ್ನೋ ಕಂಡು
ಉಗುರಿನಿಂದ ತಟ್ಟಿದರು.
ಟಣ್. ಟಣ್. ಆಮೇಲೆ ಬೊದ್.
"ಇಲ್ಲಿ ಹುಳುಕಿದೆ. ಮೇಲೆ ಸಿಮೆಂಟು ತುಂಬಿದ್ದಾರೆ.
ಎಲ್ಲಿ, ಬಾಯಿ ತೆಗೆಸಿ."

ಗುಂಡಿ ಒತ್ತಿದರು.
ಚಾವಣಿ ಎದ್ದಿತು, ಅರ್ಧ ಆಕಳಿಸಿತು,
ಹಾಗೇ ನಿಂತಿತು.
ತೆರೆಯದು, ಮುಚ್ಚದು.
ಸಾಗರದ ಕಡೆಯಿಂದ ಮೋಡ ಏರುತ್ತಿತ್ತು.
ಬಾಳೆಹಣ್ಣಿನವನು ತಳ್ಳುಗಾಡಿ ಬಿಟ್ಟು ಬಂದ.
"ಎಷ್ಟು ಕೊಡುತ್ತೆ?" ಎಂದು ಒಬ್ಬ.
"ಹಂಪ್ ದಾಟುತ್ತಾ?" ಎಂದು ಇನ್ನೊಬ್ಬ,
ವಿದ್ಯಾನಗರದ ತನಕ ಎಷ್ಟಿವೆ ಎಂದು
ಬೆರಳು ಮಡಚುತ್ತಾ, ಬೆರಳು ಸಾಲದೆ.

ನಾಲ್ಕು ಜನ ನಾಲ್ಕು ಮೂಲೆ ಹಿಡಿದು
ಮದುವೆ ಮುಗಿದ ಶಾಮಿಯಾನದಂತೆ ಅದನ್ನು ಎಳೆದು ಮುಚ್ಚಿದೆವು.
ಟೈರಿಗೆ ಎಂಟು ವರ್ಷ, ಅದರ ಮೈಮೇಲೇ ಬರೆದಿದೆ.
ಪಂಪು ಸತ್ತಿದೆ, ಹೊಸದು ಸಮುದ್ರ ದಾಟಿ ಬರಬೇಕು.
ದೆಹಲಿಯ ಎನ್‌ಒಸಿ ಎಲ್ಲಿ? ನಮ್ಮ ತೆರಿಗೆ ಕಟ್ಟುವವರು ಯಾರು?
ಎರಡನೇ ಕೀ?
ಸಿರಾಜ್ ಕೇಳುತ್ತಲೇ ಹೋದ, ಚಂದ್ರಮೌಳಿ ಇಳಿಯುತ್ತಲೇ ಹೋದರು,
ಹದಿಮೂರು, ಹನ್ನೆರಡು, "ನಿಮಗೆ ಅಂತ ಹನ್ನೊಂದೂವರೆ."

"ಬೇರೆಯವರ ಬಾಯೊಳಗೆ ಬಗ್ಗಿ ಬಗ್ಗಿ
ಕತ್ತು ಹೀಗಾಗಿದೆ ನಾಮದೇವ್," ಎಂದರು ವಾರಿಜಮ್ಮ.
"ಒಂದು ಸಲ ತಲೆ ಎತ್ತಿಕೊಂಡು ಹೋಗೋಣ ಅನ್ನಿಸಿತ್ತು.
ತೂತು ಹೊಲಿಯೋಕೆ ಎಷ್ಟಾಗುತ್ತೆ?"
ನನ್ನ ಜನ್ಮದ ದೊಡ್ಡ ಆರ್ಡರು ಅದು.
"ಬಟ್ಟೆ ಹೊಲೀತೀನಿ ಮೇಡಂ," ಅಂದೆ,
"ಮಡಿಕೆ ಹೊಲಿಯೋಕೆ ಬರಲ್ಲ."

ಬಸವಣ್ಯಪ್ಪನ ಆಟೋ ನಿಂತಿತ್ತು ಅಲ್ಲೇ,
ಹಳೇ ಹುಡ್ ಬಿಚ್ಚಿ ಹಾಕಿದ್ದೆ, ಹೊಸದು ಮಷೀನಿನಡಿ.
ಬರೀ ಕಂಬಿ, ಮೇಲೆ ಬಯಲು.
ಹತ್ತಿ ಕೂತರು.
ಅವನು ಮೀಟರಿನ ಮೇಲೆ ಇಪ್ಪತ್ತು ಕೇಳಿದ.
ತುಂಗೆಯ ಸೇತುವೆ ಮೇಲೆ ಹನಿ ಬಿತ್ತಂತೆ,
ನಿಲ್ಲಿಸು ಅನ್ನಲೇ ಇಲ್ಲವಂತೆ.

ಕನ್ನಡಿ ಇಲ್ಲೇ ಉಳಿದಿದೆ.
ಹೊಲಿಗೆಯ ಒಳಮೈ ನೋಡಲಿಕ್ಕೆ ಅನುಕೂಲ.
ಕೇಳಿದರೆ ಕೊಡುತ್ತೇನೆ.