ಅರ್ಧ ಬದು

ಮುಳಗುಂದ ನಾಕಾದ ಸ್ಕ್ಯಾನ್ ಸೆಂಟರಿನ ಒಳಕೋಣೆಯಲ್ಲಿ
ಹಗಲಲ್ಲೂ ಕತ್ತಲೆ, ನನ್ನ ಉದ್ಯೋಗಕ್ಕೆ ಅದೇ ಬೇಕು.
ಪರದೆಯ ಮೇಲೆ ಇಮಾಮಸಾಬ ಹೊಂಬಳ, ಅರವತ್ತಾರು, ಗಂಡು,
ಒಂದೊಂದು ಮಿಲಿಮೀಟರಿಗೆ ಒಂದೊಂದು ಹೋಳು.

ಉಸಿರಿನ ಜಾಗ ಇಲ್ಲಿ ಕಪ್ಪಗೆ ಕಾಣುತ್ತದೆ,
ಮಳೆ ಕುಡಿದ ಎರೆಹೊಲದಷ್ಟು ಕಪ್ಪು.
ನಡುವೆ ಕೂದಲೆಳೆಯ ಬಿಳಿಗೆರೆ. ಸೀಳು.
ಹಾಲೆಗೂ ಹಾಲೆಗೂ ನಡುವಿನ ಬದು.
ಬಲಕ್ಕೆ ಮೂರು ಹಿಸ್ಸೆ, ಎಡಕ್ಕೆ ಎರಡು
ಎನ್ನುತ್ತದೆ ಪುಸ್ತಕ.
ಬರೆದವರು ಗದಗಿನವರನ್ನು ಎಣಿಸಿರಲಿಕ್ಕಿಲ್ಲ.

ಹನ್ನೊಂದು ವರ್ಷ ಕೂತು ನೋಡಿದ್ದೇನೆ,
ಎಡದಲ್ಲೂ ಮೂರಾದವರನ್ನು,
ಬಲದಲ್ಲಿ ಎರಡಕ್ಕೇ ನಿಂತವರನ್ನು.
ಬೆಟಗೇರಿಯ ಮಗ್ಗದ ಮನೆಯ ಹುಡುಗಿಯೊಬ್ಬಳ
ಬಲ ತುದಿಯಲ್ಲಿ ಒಂದು ಒಂಟಿ ರಕ್ತನಾಳ
ಬಸಿರೊಳಗೇ ದಾರಿ ತಪ್ಪಿ
ಶ್ವಾಸಕೋಶದ ನೆತ್ತಿಯ ಮೇಲಿಂದ ದಾಟದೆ ಒಳಗೇ ನುಗ್ಗಿ
ಹಿಂದೆ ಪೊರೆಯನ್ನೂ ಎಳೆದುಕೊಂಡು
ಯಾರೂ ಕೇಳದ ಒಂದು ಖೋಲಿ ಕಟ್ಟಿಕೊಂಡಿತ್ತು.
"ಇದರಿಂದ ಏನಾರ ಆಗ್ತದೇನ್ರಿ?"
"ಏನೂ ಇಲ್ಲವ್ವಾ."
"ಮತ್ಯಾಕ ಬರದೀರಿ?"
ಇದೆಯಲ್ಲ, ಅದಕ್ಕೆ.

ಇಮಾಮಸಾಬರದು ಬೇರೆ ಮಾತು.
ಮೂವತ್ನಾಲ್ಕು ವರ್ಷ ಸರ್ವೇ ಇಲಾಖೆ,
ಸರಪಳಿ ಎಳೆದು, ಬಾಂದುಕಲ್ಲು ಹುಡುಕಿ,
ಅಣ್ಣತಮ್ಮರ ನಡುವೆ ನಿಂತು ಪೋಡಿ ಮಾಡಿ
ಎರಡೂ ಕಡೆಯಿಂದ ಬೈಸಿಕೊಂಡವರು.
ಬೀಡಿ ಬಿಟ್ಟದ್ದು ನಿವೃತ್ತಿಯ ಮರುದಿನ.
ಅಷ್ಟೊತ್ತಿಗೆ ಬಲಗಡೆಯ ಮೇಲಿನ ಹಾಲೆ
ಗೆದ್ದಲು ತಿಂದ ಖಾತೆಪುಸ್ತಕ.
ಒಳಗೆ ಹೋದ ಗಾಳಿಗೆ ಹೊರಬರುವ ಮನಸ್ಸಿಲ್ಲ.

ಹುಬ್ಬಳ್ಳಿಯ ಎದೆ ಡಾಕ್ಟರು ಚೀಟಿಯಲ್ಲಿ ಕೇಳಿದ್ದು ಒಂದೇ,
ಸೀಳು ಪೂರ್ತಿ ಇದೆಯೆ?
ಇದ್ದರೆ ಆ ಹಾಲೆಯ ಬಾಗಿಲಿಗೆ ಪುಟ್ಟ ಕವಾಟ ಕೂರಿಸಬಹುದು,
ಕೆಟ್ಟದ್ದು ಮುದುಡಿ, ಉಳಿದವು ಕಾಲು ಚಾಚಿಯಾವು.

ಅಡ್ಡಸೀಳು ಹಿಡಿದು ನಡೆದೆ.
ಪಕ್ಕೆಲುಬಿನ ಕಡೆಯಿಂದ ಚೆನ್ನಾಗಿಯೇ ಹೊರಟಿತು.
ಅರ್ಧಕ್ಕೆ ಇಲ್ಲ.
ಹಿಂದೆ ಬಂದೆ. ಉದ್ದಕ್ಕೆ ಕೊಯ್ದೆ, ಓರೆಗೆ ಕೊಯ್ದೆ.
ಗುಂಡಿಗೆ ಹತ್ತಿರಾಗುತ್ತ ಗೆರೆ ಮಂಕಾಗಿ
ಎರಡು ಹೊಲ ಒಂದೇ ಹೊಲ.

"ನಕ್ಷಾ ತೋರಸ್ರಿ ಬಾಯಾರ," ಎಂದು ಒಳಗೇ ಬಂದರು,
ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ,
ನಾಲ್ಕು ಮಾತಿಗೊಮ್ಮೆ ದೀಪ ಆರಿಸುವಂತೆ ತುಟಿ ಕೂಡಿಸಿ ಊದುತ್ತ.
"ಇಲ್ಲಿಂದ ಐತಿ... ಇಲ್ಲೀತನ ಐತಿ... ಮುಂದ?"
ಮುಂದೆ ಇಲ್ಲ, ಎಂದೆ. ಹುಟ್ಟಿನಿಂದಲೂ ಇಲ್ಲ.
ಪಕ್ಕದ ಹಾಲೆಯ ಗಾಳಿ ಅಲ್ಲಿಂದ ದಾಟುತ್ತದೆ,
ಮುಂಬಾಗಿಲು ಮುಚ್ಚಿದರೂ ಹಿತ್ತಲಿಂದ ತುಂಬುತ್ತದೆ.
ಕವಾಟದಿಂದ ಉಪಯೋಗವಿಲ್ಲ.

ಬೆರಳು ಗೆರೆ ಮುಗಿದಲ್ಲೇ ನಿಂತಿತ್ತು.
"ಬಂಡಿಹಾದಿ," ಅಂದರು.
"ಹಿಂಗ ಇರತಿದ್ವು. ಟಿಪ್ಪಣದಾಗ ಇರಂಗಿಲ್ಲ, ನಕ್ಷಾದಾಗ ಇರಂಗಿಲ್ಲ,
ಇವನ ಹೊಲದಾಗ ಹಾದು ಅಂವಾ ಹೋಗಾಂವ,
ಇವರಪ್ಪನ ಕಾಲದಿಂದ.
ನಾನ ಎಷ್ಟು ಮುಚ್ಚಿಸೇನ್ರಿ. ಕಾಯ್ದೆ ಪ್ರಕಾರ."

ನಾನು ವರದಿಗೆ ಟೈಪು ಮಾಡುತ್ತಿದ್ದೆ, ಅಡ್ಡಸೀಳು ಅಪೂರ್ಣ.
"ಅಪೂರ್ಣ ಅನಬ್ಯಾಡ್ರಿ," ಅಂದರು,
"ವಹಿವಾಟದ ಹಾದಿ ಐತಿ ಅಂತ ಬರೀರಿ."
ಅಂಥ ಕಾಲಮ್ಮು ನಮ್ಮಲ್ಲಿಲ್ಲ.
ಅಪೂರ್ಣ ಎಂದೇ ಬರೆದೆ, ಶೇಕಡಾ ನಲವತ್ತು.
ಸಹಿ ಆದ ಮೇಲೆ ಶಿಕ್ಕಾ ಎಲ್ಲಿ ಎಂದು ಕೇಳಿದರು,
ಶಿಕ್ಕಾ ಇಲ್ಲದ ನಕಲು ನಡೆಯುವುದಿಲ್ಲವಂತೆ.

ಚಹಾಕ್ಕೆಂದು ಹೊರಗೆ ಬಂದಾಗ
ಅವರಿನ್ನೂ ನಾಕಾ ದಾಟಿರಲಿಲ್ಲ.
ಫಿಲ್ಮು ಊರ ನಕ್ಷೆಯಂತೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟು
ಹತ್ತು ಹೆಜ್ಜೆಗೊಮ್ಮೆ ನಿಂತು
ಹಿಂತಿರುಗಿ ನೋಡುತ್ತಿದ್ದರು,
ಸರಪಳಿಯ ಈ ತುದಿಯನ್ನು
ಯಾರೋ ಹಿಡಿದಿದ್ದಾರೆ ಎಂಬಂತೆ.