ಹನ್ನೊಂದನೇ ಸಂಪುಟದ ತಿದ್ದುಪಡಿ

ದಿಲ್ಲಿಯಿಂದ ಬಂದ ಹುಡುಗಿ ಮೊದಲು ಕೇಳಿದ್ದು:
‘ಹೊರದೇಶ’ ಬರುತ್ತಿದ್ದದ್ದು ಈ ಓಣಿಯಿಂದಲೇ?
ಹೌದಮ್ಮ. ಪೆನ್ಷನ್ ಮೊಹಲ್ಲಾ, ಹಾಸನ.
ಈಗ ಝೆರಾಕ್ಸ್ ಅಂಗಡಿ ಇದೆಯಲ್ಲ, ಆ ಮೆಟ್ಟಿಲು.
ಮೂರು ತಿಂಗಳಿಗೊಮ್ಮೆ, ಅರವತ್ತನಾಲ್ಕು ಪುಟ.
ಜಗತ್ತು ಸುಮ್ಮನಿದ್ದರೆ ನಲವತ್ತೆಂಟು.

ಜಿನದತ್ತಯ್ಯ ಮೇಷ್ಟ್ರು ಸಂಪಾದಕರು.
ಭೂಗೋಳ ಕಲಿಸಿ ನಿವೃತ್ತರಾದವರು,
ಅರಸೀಕೆರೆಯಾಚೆ ರೈಲು ಹತ್ತಿದ್ದು ಎರಡೇ ಸಲ.
ಹೊತ್ತು ಮುಳುಗಿದ ಮೇಲೆ ಊಟ ಮುಟ್ಟದ ಮನುಷ್ಯ
ರಾತ್ರಿ ಎರಡರ ತನಕ ರೇಡಿಯೋದ ಕಿವಿ ಹಿಂಡುತ್ತ
ಯಾವ ಮಂತ್ರಿ ಯಾವ ಊರಲ್ಲಿ ವಿಮಾನ ಇಳಿದ,
ಯಾರು ಯಾರ ಕೈ ಕುಲುಕಲಿಲ್ಲ, ಬರೆದುಕೊಳ್ಳುತ್ತಿದ್ದರು
ಆಲೂಗಡ್ಡೆ ಮಂಡಿಯ ಹಳೇ ರಸೀದಿಗಳ ಬೆನ್ನಿಗೆ.

ನಮ್ಮಪ್ಪ ಮೊಳೆ ಜೋಡಿಸುವವರು.
ಕರಡು ನೋಡುವವಳು ನಾನು, ಹದಿನಾರು ವರ್ಷ.
ದೇಶಗಳ ಮೇಲೆ ಅಪ್ಪನಿಗೆ ಅವರದೇ ರಾಜಕೀಯ:
ಇರಾನ್ ಸಲೀಸು, ಮಾಲಿ ಬಂಗಾರ,
ಚೆಕೊಸ್ಲೊವಾಕಿಯಾ ಬಂತೆಂದರೆ ಬೈಗುಳ.
ಅದು ಒಡೆದು ಎರಡಾದಾಗ ಹಾಸಿಗೆ ಹಿಡಿದಿದ್ದರು;
‘ಆಗಲೇ ಮಾಡಬಾರದಿತ್ತೆ?’ ಅಂದರು.

ಚಂದಾದಾರರು ಇನ್ನೂರ ಹನ್ನೊಂದು.
ಬೇಲೂರು ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೇಬಲ್,
ಸಬ್ ಜೈಲಿನಲ್ಲೊಬ್ಬ ಕೈದಿ
(ಬಿಡುಗಡೆಯಾದ ಮೇಲೆ ಚಂದಾ ನಿಲ್ಲಿಸಿದ).
ಮಂಡಿಯ ದೊಡ್ಡವೀರ ಸೆಟ್ಟರು ಓದುತ್ತಿರಲಿಲ್ಲ,
ತಕ್ಕಡಿಯ ಪಕ್ಕ ಇಟ್ಟುಕೊಳ್ಳುತ್ತಿದ್ದರು,
ಜಲಂಧರದ ಬಿತ್ತನೆಗಡ್ಡೆ ದಲ್ಲಾಳಿ ಹೆದರಲಿ ಎಂದು.

ಹನ್ನೊಂದನೇ ಸಂಪುಟ, ಮೂರನೇ ಸಂಚಿಕೆ.
ಎರಡು ದೇಶಗಳು. ಒಂದರ ಹೆಸರು ಈಗ ಬೇರೆ,
ಇನ್ನೊಂದರ ಸುದ್ದಿ ಬೇಡ.
ಮೇಷ್ಟ್ರು ಬರೆದದ್ದು: ಒಪ್ಪಂದಕ್ಕೆ ಸಹಿ ಬಿದ್ದಿಲ್ಲ.
ಅಚ್ಚಾದದ್ದು: ಒಪ್ಪಂದಕ್ಕೆ ಸಹಿ ಬಿದ್ದಿದೆ.
ಅಂಚೆಗೆ ಹೋಯಿತು.
ಹದಿನೇಳು ದಿನ ಮೇಷ್ಟ್ರು ಬೀದಿಗಿಳಿಯಲಿಲ್ಲ.
ಹದಿನೆಂಟನೆಯ ಬೆಳಗ್ಗೆ ರೇಡಿಯೋ ಹೇಳಿತು:
ಸಹಿ ಬಿದ್ದಿದೆ.

ಆಮೇಲೆ ನೋಡಿ. ಚಂದಾ ಎಂಟುನೂರು ದಾಟಿತು.
ಯಾವುದೋ ರಾಯಭಾರ ಕಚೇರಿಯಿಂದ ದಪ್ಪ ಕಾಗದದ ಪತ್ರ.
ಸಫಾರಿ ತೊಟ್ಟ ಇಬ್ಬರು ಬಂದು ಬೆಂಚಿನ ಮೇಲೆ ಕೂತು
ನಮ್ಮ ಕಾಫಿ ಕುಡಿದು, ‘ನಿಮಗೆ ಮೊದಲೇ ಹೇಗೆ ತಿಳೀತು?’
‘ತಿಳಿದಿರಲಿಲ್ಲ ಸ್ವಾಮಿ, ಅಚ್ಚಿನ ತಪ್ಪು.’
ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು,
ಗುಟ್ಟು ಕಾಯಬಲ್ಲವನನ್ನು ಕಂಡ ಮರ್ಯಾದೆಯಲ್ಲಿ.

ಮುಂದಿನ ಸಂಚಿಕೆಯ ಮೊದಲ ಪುಟಕ್ಕೇ ತಿದ್ದುಪಡಿ,
ಸುತ್ತ ಕಪ್ಪು ಗೆರೆ, ಸತ್ತವರ ಸುದ್ದಿಯ ಹಾಗೆ:
‘ನಮ್ಮ ಮಾತು ನಿಜವಾದದ್ದು ನಮ್ಮ ಗುಣದಿಂದಲ್ಲ.’
ಒಬ್ಬರೂ ನಂಬಲಿಲ್ಲ.
ಇಪ್ಪತ್ತು ವರ್ಷ ಎಣ್ಣೆ ಸುಟ್ಟು ಬರೆದ ಸರಿ ಸಾಲುಗಳನ್ನೆಲ್ಲ ಬಿಟ್ಟು
ಊರು ಆ ಒಂದನ್ನೇ ಹಿಡಿದು ಮೆರೆಸಿತು.
ಬಸ್ ಸ್ಟ್ಯಾಂಡಿನಲ್ಲಿ ತಡೆದು ಕೇಳುವರು:
‘ಮುಂದಿನ ತಿಂಗಳು ಗಡ್ಡೆ ರೇಟು ಏನಾಗತ್ತೆ ಮೇಷ್ಟ್ರೇ?’
ಅವರು ಕೊಡೆ ಬಿಚ್ಚಿಕೊಂಡು ನಡೆದುಬಿಡುತ್ತಿದ್ದರು,
ಬಿಸಿಲಿಲ್ಲದಾಗಲೂ.

ಹುಡುಗಿಯ ಫೋನಿನಲ್ಲಿ ಆ ಪುಟದ ಪಟವಿದೆ.
ಬೆರಳಲ್ಲಿ ಹಿಗ್ಗಿಸುತ್ತಾಳೆ. ‘ಕರಡು ನೋಡಿದ್ದು ನೀವೇ.
ಕಣ್ಣು ತಪ್ಪಿತೆ?’

ತಪ್ಪಿರಲಿಲ್ಲ. ಅಂಚಿನಲ್ಲಿ ಕೆಂಪು ಗುರುತೂ ಹಾಕಿದ್ದೆ.
ಆ ವಾರ ಸೆಟ್ಟರ ಚೀಟಿ ಅಚ್ಚಾಗುತ್ತಿತ್ತು, ಹಾಳೆಗೆ ಹದಿನಾರು:
‘ಇಂದು ಸಾಲ ಇಲ್ಲ. ನಾಳೆಯೂ ಇಲ್ಲ.’
ನಮ್ಮ ಲ-ಒತ್ತುಗಳೆಲ್ಲ ಅಲ್ಲಿ ಸಿಕ್ಕಿಬಿದ್ದಿದ್ದವು.
ಮೇಷ್ಟ್ರದು ಕೊನೆಯ ಫಾರಂ, ಕೊನೆಯ ಸಾಲು.
‘ಜಾಗ ಹಿಡಿದಿರಲಿ, ಆಮೇಲೆ ತೆಗೀತೀನಿ’ ಎಂದು
ಅಪ್ಪ ಒಂದು ‘ದೆ’ ಕೂರಿಸಿ
ಬೀಡಿ ಸೇದಲು ಹೊರಗೆ ಹೋದರು.

ಇದನ್ನು ನಾವು ಮೇಷ್ಟ್ರಿಗೆ ಹೇಳಲಿಲ್ಲ.
ಹುಡುಗಿಗೆ ಕನ್ನಡ ಹೊಸದು, ಒತ್ತು ಎಂದರೇನು ಎನ್ನುತ್ತಾಳೆ.
ಅವಳ ನೋಟ್‌ಬುಕ್ಕು ಎಳೆದುಕೊಂಡು
ದಪ್ಪಗೆ ಬರೆದು ತೋರಿಸುತ್ತೇನೆ:
ಇಲ್ಲ.